ಮೂವತ್ತು ಸೆಂಟ್ಸಿನ ಲೆಕ್ಕ

2022ರ ಮಳೆಗಾಲ ಮುಗಿದ ಒಂದು ಬೆಳಿಗ್ಗೆ, ಸುಬಹಿ ನಮಾಜು ಮುಗಿಸಿ ಪಳ್ಳಿಯಿಂದ (ಮಸೀದಿಯಿಂದ) ಬಂದವನೇ ಸುಣ್ಣದ ಪುಡಿಯ ಬಾಲ್ದಿ ಹಿಡಿದು ಅಂಗಳಕ್ಕೆ ಇಳಿದೆ. ಟೇಪು ಹಿಡಿದು ಐವತ್ತೆರಡು ಅಡಿ ಉದ್ದ, ಐವತ್ತೆರಡು ಅಡಿ ಅಗಲ ಅಳೆದು ಗೆರೆ ಎಳೆದೆ. ಹೆಚ್ಚುಕಡಿಮೆ ಆರೂಕಾಲು ಸೆಂಟ್ಸ್ ಜಾಗ. ಬಾವಿ ಗೆರೆಯ ಒಳಗೆ ಬಂತು. ಉಪ್ಪ, ಅಂದರೆ ನನ್ನ ತಂದೆ, ನೆಟ್ಟ ಹಲಸಿನ ಮರ ಒಳಗೆ ಬಂತು. ಬಚ್ಚಲುಮನೆಯ ಅರ್ಧ ಗೋಡೆಯೂ ಬಂತು.

ಹೆಂಡತಿ ಚಾವಡಿಯಿಂದ ನೋಡುತ್ತಿದ್ದಳು. "ಎಂತ ಮಾಡ್ತಾ ಇದ್ದೀರಿ? ಶಾಮಿಯಾನ ಹಾಕ್ಲಿಕ್ಕೆ ಉಂಟಾ?" ಎಂದು ಕೇಳಿದಳು.

"ನಾನು ಸತ್ತರೆ ಇಷ್ಟು ನಿಮ್ಮ ಕೈಯಲ್ಲಿ ಉಳಿಯುವುದಿಲ್ಲ" ಎಂದೆ.

ನಾನು ದಕ್ಷಿಣ ಕನ್ನಡದ ಬ್ಯಾರಿ ಮುಸ್ಲಿಂ. ಮನೆಯಲ್ಲಿ ಬ್ಯಾರಿ ಭಾಷೆ, ಶಾಲೆಯಲ್ಲಿ ಕನ್ನಡ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದೆ. ಇಬ್ಬರು ಹೆಣ್ಣುಮಕ್ಕಳು, ಗಂಡುಮಕ್ಕಳಿಲ್ಲ. ಒಬ್ಬ ತಮ್ಮ, ಒಬ್ಬಳು ತಂಗಿ ಇದ್ದಾರೆ. ಮೂವತ್ತು ಸೆಂಟ್ಸ್ ಜಾಗ, ಅದರಲ್ಲಿ ಒಂದು ಹಂಚಿನ ಮನೆ. ನಾನು ತೀರಿಕೊಂಡರೆ ನಮ್ಮ ಧರ್ಮಶಾಸ್ತ್ರವಾದ ಫಿಕ್ಹ್ ಪ್ರಕಾರ ಹೆಂಡತಿಗೆ ಎಂಟನೇ ಒಂದು, ಇಬ್ಬರು ಹೆಣ್ಣುಮಕ್ಕಳಿಗೆ ಸೇರಿ ಮೂರನೇ ಎರಡು. ಲ.ಸಾ.ಅ. ಇಪ್ಪತ್ತನಾಲ್ಕು. ಇಪ್ಪತ್ತನಾಲ್ಕರಲ್ಲಿ ಮೂರು ಹೆಂಡತಿಗೆ, ಹದಿನಾರು ಮಕ್ಕಳಿಗೆ, ಉಳಿದ ಐದು ನನ್ನ ಒಡಹುಟ್ಟಿದವರಿಗೆ, ತಮ್ಮನಿಗೆ ಎರಡು ತಂಗಿಗೆ ಒಂದರಂತೆ. ಒಬ್ಬ ಮಗನಿದ್ದಿದ್ದರೆ ಒಡಹುಟ್ಟಿದವರಿಗೆ ಏನೂ ಹೋಗುತ್ತಿರಲಿಲ್ಲ. ಮಗನಿಲ್ಲ ಎಂಬ ಕಾರಣಕ್ಕೆ ಬಾವಿಯೂ ಹಲಸಿನ ಮರವೂ ಗೆರೆಯ ಆಚೆ ಹೋಗುತ್ತವೆ.

ಈ ಲೆಕ್ಕ ನನಗೆ ಮೊದಲಿನಿಂದ ಗೊತ್ತಿತ್ತು. ಗೊತ್ತಿರುವುದು ಬೇರೆ, ಎದೆಗೆ ತಾಗುವುದು ಬೇರೆ. ತಾಗಿದ್ದು ನನ್ನ ಹಳೆಯ ಸ್ನೇಹಿತನೊಬ್ಬ ತೀರಿಕೊಂಡ ಮೇಲೆ. ಅವನಿಗೂ ಹೆಣ್ಣುಮಕ್ಕಳೇ, ಮೂವರು. ಒಂದು ವರ್ಷ ಎಲ್ಲರೂ ಸುಮ್ಮನಿದ್ದರು. ಆಮೇಲೆ ಅವನ ಅಣ್ಣತಮ್ಮಂದಿರು ತಮ್ಮ ಭಾಗ ಕೇಳಿದರು. ಮನೆಯನ್ನು ಕೊಯ್ದು ಕೊಡಲು ಆಗುವುದಿಲ್ಲವಲ್ಲ, ಮಾರಿದರು. ಸಾಮಾನು ಸಾಗಿಸುವ ದಿನ ನಾನೂ ಹೋಗಿದ್ದೆ. ಕಿರಿಯ ಹುಡುಗಿ, ಎಂಟನೇ ಕ್ಲಾಸು, ಗೋಡೆಯ ಮೇಲೆ ತನ್ನ ಎತ್ತರ ಗುರುತಿಸಿದ್ದ ಪೆನ್ಸಿಲ್ ಗೆರೆಗಳನ್ನು ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದಳು. ಪ್ರತಿ ಗೆರೆಯ ಪಕ್ಕದಲ್ಲೂ ಅವಳಪ್ಪನ ಅಕ್ಷರದಲ್ಲಿ ತಾರೀಕು ಇತ್ತು.

ಆ ದಿನದಿಂದ ಸುಮಾರು ಎರಡು ವರ್ಷ ನಾನು ನಡೆದ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಹಾಗೆ ಹೆಣ್ಣುಮಕ್ಕಳ ತಂದೆಯಾದ ಎಷ್ಟೋ ಮಂದಿ ರಾತ್ರಿ ನಿದ್ದೆಯಿಲ್ಲದೆ ಇದೇ ಲೆಕ್ಕ ಹಾಕುತ್ತಾರೆ ಎಂಬುದು ನನಗೆ ಗೊತ್ತು.

ಮೊದಲು ನಾನು ಮಾಡಿದ ಕೆಲಸ ಓದು. ಅರಬಿ ನನಗೆ ಓತಲಿಕ್ಕೆ, ಅಂದರೆ ಪಠಿಸಲಿಕ್ಕೆ, ಬರುತ್ತದೆ, ಅರ್ಥವಾಗುವುದಿಲ್ಲ. ಕನ್ನಡ ಅನುವಾದ, ಇಂಗ್ಲಿಷ್ ವ್ಯಾಖ್ಯಾನ ಇಟ್ಟುಕೊಂಡು ಕುರ್‌ಆನಿನ ನಿಸಾ ಅಧ್ಯಾಯದ ಹನ್ನೊಂದನೇ ಆಯತ್ತಿಗೆ (ವಚನಕ್ಕೆ) ಕೂತೆ. "ಗಂಡಿಗೆ ಇಬ್ಬರು ಹೆಣ್ಣುಗಳ ಪಾಲಿನಷ್ಟು" ಎಂಬ ಮಾತು ಇರುವುದು ಅಲ್ಲೇ. ಚಿಕ್ಕಂದಿನಿಂದ ಕೇಳಿದ ಆಯತ್. ಆದರೆ ಅದು ಯಾವ ಸಂದರ್ಭದಲ್ಲಿ ಇಳಿಯಿತು ಎಂಬುದನ್ನು ಅರವತ್ತು ದಾಟುವವರೆಗೆ ನಾನು ವಿಚಾರಿಸಿರಲಿಲ್ಲ.

ಪ್ರವಾದಿಯವರ ನಡೆನುಡಿಗಳನ್ನು ದಾಖಲಿಸಿದ ತಿರ್ಮಿದಿ ಮತ್ತು ಅಬೂದಾವೂದ್ ಹದೀಸ್ ಸಂಗ್ರಹಗಳಲ್ಲಿ ಜಾಬಿರ್ ಎಂಬವರು ಹೇಳಿದ ಘಟನೆ ಉಂಟು. ಸಅದ್ ಇಬ್ನ್ ರಬೀಅ್ ಎಂಬ ಸಹಾಬಿ (ಪ್ರವಾದಿಯವರ ಸಂಗಾತಿ) ಉಹುದ್ ಯುದ್ಧದಲ್ಲಿ, ಅಂದರೆ ಕ್ರಿ.ಶ. 625ರಲ್ಲಿ, ಹುತಾತ್ಮರಾದರು. ಅವರ ಹೆಂಡತಿ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಪ್ರವಾದಿಯವರ ಬಳಿಗೆ ಬಂದರು. ಮಕ್ಕಳ ಚಿಕ್ಕಪ್ಪ ಆಸ್ತಿಯನ್ನೆಲ್ಲ ತೆಗೆದುಕೊಂಡಿದ್ದಾನೆ, ಏನೂ ಇಲ್ಲದೆ ಇವರ ಮದುವೆಯಾದರೂ ಹೇಗೆ ಎಂದು ದೂರು ಹೇಳಿದರು. ಆಗ ಆಯತ್ ಇಳಿಯಿತು. ಪ್ರವಾದಿಯವರು ಆ ಚಿಕ್ಕಪ್ಪನಿಗೆ ಹೇಳಿ ಕಳುಹಿಸಿದರು: ಇಬ್ಬರು ಹೆಣ್ಣುಮಕ್ಕಳಿಗೆ ಮೂರನೇ ಎರಡು ಕೊಡು, ಅವರ ತಾಯಿಗೆ ಎಂಟನೇ ಒಂದು ಕೊಡು, ಉಳಿದದ್ದು ನಿನ್ನದು.

ಪುಸ್ತಕ ಮುಚ್ಚಿ ಬಹಳ ಹೊತ್ತು ಕೂತಿದ್ದೆ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ತಮ್ಮ. ಅಲ್ಲಿರುವುದು ನನ್ನದೇ ಮನೆ. ನನ್ನದೇ ಇಪ್ಪತ್ತನಾಲ್ಕು. ಆಯತ್ ಬರುವ ಮೊದಲು ಚಿಕ್ಕಪ್ಪನ ಕೈಯಲ್ಲಿ ಇಪ್ಪತ್ತನಾಲ್ಕಕ್ಕೆ ಇಪ್ಪತ್ತನಾಲ್ಕೂ ಇತ್ತು. ಆಯತ್ ಬಂದ ಮೇಲೆ ಅವನ ಕೈಯಲ್ಲಿ ಉಳಿದದ್ದು ಐದು. ಒಂದೇ ಏಟಿಗೆ ಹತ್ತೊಂಬತ್ತು ಭಾಗವನ್ನು ಅನಾಥ ಹೆಣ್ಣುಮಕ್ಕಳಿಗೂ ವಿಧವೆಗೂ ಬಿಡಿಸಿಕೊಟ್ಟ ಆಯತ್ ಅದು. ನಾವು ಅದನ್ನು ಉದ್ಧರಿಸುವುದು ಯಾವಾಗ? ಹೆಣ್ಣುಮಕ್ಕಳ ಮನೆ ಮಾರಿಸಿ ಚಿಕ್ಕಪ್ಪಂದಿರು ಆ ಐದು ಭಾಗ ಕೇಳಲು ಬರುವಾಗ. ಆಯತ್ತಿನ ಮುಖ ಯಾವ ಕಡೆಗೆ ಇತ್ತೋ ಅದಕ್ಕೆ ಬೆನ್ನು ಹಾಕಿ ನಿಂತು ಅದನ್ನೇ ಓತುತ್ತಿದ್ದೇವೆ ಎಂದು ನನಗೆ ಅನಿಸಿತು. ಇಂದಿಗೂ ಹಾಗೇ ಅನಿಸುತ್ತದೆ.

ಇದನ್ನು ಶಾಸ್ತ್ರದ ಭಾಷೆಯಲ್ಲಿ ಹೇಳಿದವರು ಇದ್ದಾರೆ ಎಂದು ಆಮೇಲೆ ತಿಳಿಯಿತು. ಪಾಕಿಸ್ತಾನದಲ್ಲಿ ಇಸ್ಲಾಮಿ ಸಂಶೋಧನಾ ಸಂಸ್ಥೆಯ ಮುಖ್ಯಸ್ಥರಾಗಿದ್ದು, ಪ್ರತಿಭಟನೆಗಳಿಂದಾಗಿ 1968ರಲ್ಲಿ ದೇಶ ಬಿಟ್ಟು ಷಿಕಾಗೊದಲ್ಲಿ ಪಾಠ ಹೇಳಿದ ಫಜ್ಲುರ್ ರಹ್ಮಾನ್ ಎಂಬ ವಿದ್ವಾಂಸರು ಎರಡು ಹೆಜ್ಜೆಯ ಮಾತು ಹೇಳುತ್ತಾರೆ. ಮೊದಲ ಹೆಜ್ಜೆ ಹಿಂದಕ್ಕೆ: ಆಯತ್ ಇಳಿದ ಕಾಲಕ್ಕೆ ಹೋಗಿ, ಅಂದಿನ ಸಮಾಜದಲ್ಲಿ ಅದು ಯಾವ ಅನ್ಯಾಯಕ್ಕೆ ಉತ್ತರವಾಗಿತ್ತು ಎಂದು ಹುಡುಕಬೇಕು. ಎರಡನೆಯದು ಮುಂದಕ್ಕೆ: ಸಿಕ್ಕಿದ ಉದ್ದೇಶವನ್ನು ಹಿಡಿದು ಇಂದಿನ ಸಮಾಜಕ್ಕೆ ಬರಬೇಕು. ಕಲಿಸುವವನಾದ ನನಗೆ ಇದು ಕೂಡಲೇ ಹಿಡಿಸಿತು. ಸೂತ್ರವನ್ನು ಬಾಯಿಪಾಠ ಮಾಡಿದ ಹುಡುಗ, ಲೆಕ್ಕದ ಸಂಖ್ಯೆ ಬದಲಾದರೆ ಕೈಚೆಲ್ಲುತ್ತಾನೆ. ಸೂತ್ರ ಹೇಗೆ ಬಂತು ಎಂದು ತಿಳಿದವನು ಹೆದರುವುದಿಲ್ಲ.

ಹಾಗೆಂದು ನನ್ನ ಕಡೆಗೆ ವಾಲುವವರನ್ನು ಮಾತ್ರ ಓದಿದರೆ ನ್ಯಾಯವಾಗುವುದಿಲ್ಲ. 1929ರ ಜನವರಿಯಲ್ಲಿ ಮದರಾಸಿಗೆ ಬಂದು ಇಸ್ಲಾಮಿ ಚಿಂತನೆಯ ಪುನರ್ರಚನೆ ಕುರಿತು ಮಾತಾಡಿದ, ಅದೇ ಪ್ರವಾಸದಲ್ಲಿ ಶ್ರೀರಂಗಪಟ್ಟಣಕ್ಕೆ ಹೋಗಿ ಟಿಪ್ಪುವಿನ ಸಮಾಧಿಯ ಮುಂದೆ ನಿಂತ ಕವಿ ಇಕ್ಬಾಲ್, ಇಜ್ತಿಹಾದ್‌ನ ಬಾಗಿಲು, ಅಂದರೆ ಸ್ವತಂತ್ರ ವಿಚಾರದಿಂದ ಶಾಸ್ತ್ರದ ತೀರ್ಮಾನಕ್ಕೆ ಬರುವ ಬಾಗಿಲು, ತೆರೆದೇ ಇರಬೇಕು ಎಂದವರು. ಆದರೆ ಮಗಳಿಗೂ ಮಗನಿಗೂ ಸಮಪಾಲು ಎಂಬ ತುರ್ಕಿಯ ಕವಿಯ ಬೇಡಿಕೆಯನ್ನು ಅವರು ಒಪ್ಪಲಿಲ್ಲ. ಮಗಳ ಪಾಲು ಕಡಿಮೆ ಇರುವುದು ಅವಳು ಕೀಳೆಂದಲ್ಲ. ಅವಳಿಗೆ ಗಂಡನಿಂದ ಮಹರ್ (ವಧುಧನ) ಬರುತ್ತದೆ, ಸಂಸಾರದ ಪೂರ್ತಿ ಖರ್ಚು ಗಂಡನ ಮೇಲಿದೆ, ಎಲ್ಲ ಕೂಡಿಸಿದರೆ ತಕ್ಕಡಿ ಸಮವಾಗುತ್ತದೆ ಎಂಬುದು ಅವರ ವಾದ. ಈ ವಾದಕ್ಕೆ ತೂಕ ಉಂಟು, ತಳ್ಳಿಹಾಕುವ ಹಾಗಿಲ್ಲ. ಆದರೆ ನಮ್ಮ ಕರಾವಳಿಯಲ್ಲಿ ತಕ್ಕಡಿಯ ಆ ಇನ್ನೊಂದು ತಟ್ಟೆಯಲ್ಲಿ ಏನಿದೆ? ನನ್ನ ದೊಡ್ಡ ಮಗಳ ನಿಕಾಹ್‌ನಲ್ಲಿ ಮಹರ್ ಮೂರು ಪವನ್ ಚಿನ್ನ. ನಾನು ಕೊಟ್ಟ ಚಿನ್ನ ಅದರ ಹತ್ತು ಪಟ್ಟಿಗಿಂತ ಹೆಚ್ಚು. ಅವಳು ಬ್ಯಾಂಕಿನಲ್ಲಿ ದುಡಿಯುತ್ತಾಳೆ, ಮನೆಸಾಲದ ಕಂತಿನ ಅರ್ಧ ಅವಳ ಸಂಬಳದಿಂದ ಹೋಗುತ್ತದೆ. ಖರ್ಚಿನ ಹೊಣೆ ಗಂಡಿನಿಂದ ಇಳಿದಿದೆ, ಪಾಲು ಮಾತ್ರ ಹಾಗೆಯೇ ನಿಂತಿದೆ. ಇಕ್ಬಾಲರು ಹೇಳಿದ ಸಮಾಜ ನಮ್ಮಲ್ಲಿದ್ದರೆ ಅವರ ಉತ್ತರವನ್ನು ನಾನೂ ಒಪ್ಪುತ್ತಿದ್ದೆ.

ಮತ್ತೊಂದು ವಿಷಯ ನನ್ನ ಕಣ್ಣು ತೆರೆಸಿತು. "ಇದರಲ್ಲಿ ಎರಡನೇ ಅಭಿಪ್ರಾಯವೇ ಇಲ್ಲ" ಎಂದು ನಾವು ನಂಬಿದ್ದೇವೆ. ಶಿಯಾಗಳ ಜಾಫರಿ ಫಿಕ್ಹ್‌ನಲ್ಲಿ ಮಗಳಿದ್ದರೆ ಚಿಕ್ಕಪ್ಪನಿಗೆ ಪಾಲೇ ಇಲ್ಲ, ಮೊದಲಿನಿಂದಲೂ ಇಲ್ಲ. ಸುನ್ನಿಗಳದ್ದೇ ದೇಶವಾದ ಟುನೀಶಿಯ 1959ರಲ್ಲಿ ಕಾನೂನು ತಿದ್ದಿ, ಗಂಡುಮಕ್ಕಳಿಲ್ಲದವನ ಉಳಿಕೆ ಅಣ್ಣತಮ್ಮಂದಿರಿಗೆ ಹೋಗದೆ ಮಗಳಿಗೇ ಮರಳುವಂತೆ ಮಾಡಿತು. ಈಜಿಪ್ಟ್ 1946ರಲ್ಲಿ, ವಾರಸುದಾರನಿಗೂ ಮೂರನೇ ಒಂದರವರೆಗೆ ವಸಿಯ್ಯತ್ (ಉಯಿಲು) ಬರೆಯಬಹುದು, ಉಳಿದವರ ಒಪ್ಪಿಗೆ ಬೇಕಿಲ್ಲ ಎಂದಿತು. ನಮ್ಮ ಪಕ್ಕದ ಉತ್ತರ ಮಲಬಾರಿನ ಮಾಪ್ಪಿಳ್ಳೆಗಳನ್ನೇ ನೋಡಿ. ನಮ್ಮ ಹಾಗೆಯೇ ಶಾಫಿ ಪಂಥದವರು, ಐದು ಹೊತ್ತು ನಮಾಜು ಮಾಡುವವರು, ತಲೆಮಾರುಗಳ ಕಾಲ ಮರುಮಕ್ಕತ್ತಾಯ ಪದ್ಧತಿಯಲ್ಲಿ ಹೆಣ್ಣಿನ ಕಡೆಯಿಂದ ತರವಾಡಿನ, ಅಂದರೆ ಕೂಡುಕುಟುಂಬದ, ಆಸ್ತಿ ನಡೆಸಿದರು. ಅವರು ಮುಸ್ಲಿಮರಲ್ಲ ಎಂದು ಯಾರೂ ಅನ್ನಲಿಲ್ಲ.

ನನ್ನ ಮುಂದೆ ಎರಡು ದಾರಿಗಳಿದ್ದವು. ಒಂದು, 1954ರ ವಿಶೇಷ ವಿವಾಹ ಕಾಯ್ದೆ. ನಿಕಾಹ್ ಆಗಿ ಎಷ್ಟೋ ವರ್ಷವಾದ ದಂಪತಿಯೂ ಅದರ ಹದಿನೈದನೇ ಕಲಮಿನಲ್ಲಿ ಮದುವೆ ನೋಂದಾಯಿಸಿಕೊಳ್ಳಬಹುದು. ಮೂವತ್ತು ದಿನ ನೋಟಿಸು ಹಾಕುತ್ತಾರೆ. ಆಮೇಲೆ ಅವರ ಆಸ್ತಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯ: ಹೆಂಡತಿಗೆ ಮೂರನೇ ಒಂದು, ಉಳಿದದ್ದು ಮಕ್ಕಳಿಗೆ ಸಮನಾಗಿ. 2023ರ ಮಾರ್ಚ್ 8ರಂದು, ಮಹಿಳಾ ದಿನದಂದೇ, ಕಾಸರಗೋಡು ಜಿಲ್ಲೆಯ ವಕೀಲ ಸಿ. ಶುಕ್ಕೂರ್ ಮತ್ತು ಅವರ ಪತ್ನಿ ಪ್ರಾಧ್ಯಾಪಕಿ ಶೀನಾ ತಮ್ಮ ಮೂವರು ಹೆಣ್ಣುಮಕ್ಕಳಿಗಾಗಿ ಹೀಗೆ ಮದುವೆ ನೋಂದಾಯಿಸಿದರು. ನಮ್ಮಲ್ಲಿ ಹಲವರು ಅವರನ್ನು ಬೈದರು. ನನಗೆ ಅವರ ಮೇಲೆ ಗೌರವವಿದೆ, ಅವರ ಧೈರ್ಯ ನನಗೂ ಬಲ ಕೊಟ್ಟಿತು. ಆದರೆ ನನ್ನ ಹೆಂಡತಿ ಒಪ್ಪಲಿಲ್ಲ. "ನನ್ನ ನಿಕಾಹ್‌ಗೆ ಎಂತ ಕಡಿಮೆ ಆಗಿದೆ? ನಮ್ಮ ದೀನಿನ (ಧರ್ಮದ) ಒಳಗೇ ದಾರಿ ಇರಬೇಕು, ಹುಡುಕಿ" ಎಂದಳು. ಅವಳ ಆ ಮಾತು ನನ್ನನ್ನು ಎರಡನೇ ದಾರಿಗೆ ತಂದಿತು. ಹಿಬಾ. ಬದುಕಿರುವಾಗಲೇ ದಾನವಾಗಿ ಕೊಟ್ಟುಬಿಡುವುದು.

ಅಸರ್ ನಮಾಜಿನ ನಂತರ ಪಳ್ಳಿಯ ಜಗಲಿಯಲ್ಲಿ ನಮ್ಮ ಧರ್ಮಗುರು ಉಸ್ತಾದರ ಹತ್ತಿರ ಕೂತೆ. ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ಕಿತಾಬು ಚೆನ್ನಾಗಿ ಓದಿದವರು. ಪೂರ್ತಿ ಕೇಳಿಸಿಕೊಂಡರು.

"ಮಾಷ್ಟ್ರೇ, ಆರೋಗ್ಯದಲ್ಲಿ ಇರುವಾಗ ಕೊಟ್ಟರೆ ಹಿಬಾ ಸಿಂಧು. ಮರಣರೋಗದಲ್ಲಿ ಬಿದ್ದ ಮೇಲೆ ಕೊಟ್ಟರೆ ಅದಕ್ಕೆ ವಸಿಯ್ಯತ್ತಿನ ಲೆಕ್ಕ. ಇಬ್ಬರು ಮಕ್ಕಳಿಗೂ ಸಮ ಕೊಡಬೇಕು. ಒಬ್ಬ ಮಗನಿಗೆ ಮಾತ್ರ ಕೊಟ್ಟದ್ದಕ್ಕೆ ಸಾಕ್ಷಿ ನಿಲ್ಲಲು ಪ್ರವಾದಿಯವರೇ ಒಪ್ಪಲಿಲ್ಲ, ನುಅಮಾನ್ ಇಬ್ನ್ ಬಶೀರ್ ಹದೀಸಿನಲ್ಲಿ ಉಂಟು. ಪಾಲು ಮಾಡದೆ ಜಂಟಿಯಾಗಿ ಕೊಟ್ಟರೂ ನಮ್ಮ ಶಾಫಿ ಮದ್‌ಹಬಿನಲ್ಲಿ ನಡೆಯುತ್ತದೆ. ಕೈಬಿಟ್ಟು ಕೊಡಬೇಕು, ಕಬ್ಜ (ಸ್ವಾಧೀನ) ಅವರಿಗೆ ಹೋಗಬೇಕು. ಇಷ್ಟೆಲ್ಲ ಸರಿ." ಸ್ವಲ್ಪ ಹೊತ್ತು ಬಿಟ್ಟು ಕೇಳಿದರು, "ನಿಯ್ಯತ್ ಎಂತ? ತಮ್ಮನಿಗೆ ಸಿಗಬಾರದು ಅಂತಲಾ, ಮಕ್ಕಳಿಗೆ ಸಿಗಬೇಕು ಅಂತಲಾ?"

ನಾನು ಉತ್ತರಕ್ಕೆ ತಡಕಾಡಿದೆ. ಎರಡೂ ಒಂದೇ ಅಲ್ಲವೇ ಎಂದು ಅಂದುಕೊಂಡಿದ್ದೆ. ಅಲ್ಲ. ವಾರಸುದಾರನನ್ನು ವಂಚಿಸುವ ಉದ್ದೇಶದಿಂದ ಕೊಟ್ಟ ದಾನ ಕಾಗದದಲ್ಲಿ ನಿಂತರೂ ಅಲ್ಲಾಹನ ಮುಂದೆ ನಿಲ್ಲುವುದಿಲ್ಲ ಎಂದು ಉಸ್ತಾದರು ಹೇಳಿದರು. "ತಮ್ಮನಿಗೆ ಗೊತ್ತಿಲ್ಲದ ಹಾಗೆ ಮಾಡಬೇಡಿ. ಮುಚ್ಚಿಟ್ಟು ಮಾಡುವುದರಲ್ಲಿ ಬರಕತ್ ಇಲ್ಲ." ನಾನು ಆಯತ್ತಿನ ಸಂದರ್ಭ ಎತ್ತಿದೆ. ಅವರು ವಾದಕ್ಕೆ ಬರಲಿಲ್ಲ. "ಪಾಲನ್ನು ಬದಲಾಯಿಸುವ ಅಧಿಕಾರ ನನಗಿಲ್ಲ. ನಿಮ್ಮ ಮಾತಿನಲ್ಲಿ ನೋವಿದೆ, ಅದು ಸುಳ್ಳಲ್ಲ" ಎಂದಷ್ಟೇ ಹೇಳಿದರು. ನನಗೆ ಅವರ ಮೇಲಿನ ಪ್ರೀತಿ ಹೆಚ್ಚಾಯಿತು.

ಹಿಬಾವನ್ನು ಬಾಯಿಮಾತಿನಲ್ಲೂ ಮಾಡಬಹುದು. ಕೊಡುವವನು ಕೊಟ್ಟೆ ಎನ್ನಬೇಕು, ಪಡೆಯುವವನು ಒಪ್ಪಬೇಕು, ಕಬ್ಜ ಕೈಬದಲಾಗಬೇಕು. ನೋಂದಣಿ ಇಲ್ಲದಿದ್ದರೂ ಅದು ಸಿಂಧುವೆಂದು ಸುಪ್ರೀಂ ಕೋರ್ಟು 2011ರಲ್ಲಿ ಹೇಳಿದೆ. ಆದರೆ ಪಂಚಾಯತಿನಲ್ಲಿ ಖಾತೆ ಬದಲಾಗಬೇಕು, ನಾಳೆ ಮಕ್ಕಳು ಸಾಲಕ್ಕೆ ಹೋದರೆ ಕಾಗದ ತೋರಿಸಬೇಕು. ಬಾಯಿಮಾತು ಸಾಕಾಗುವುದಿಲ್ಲ. ದಾನಪತ್ರವನ್ನೇ ರಿಜಿಸ್ಟರ್ ಮಾಡಿಸುವುದೆಂದು ನಿಶ್ಚಯಿಸಿ ಡಾಕ್ಯುಮೆಂಟ್ ಬರೆಯುವವರಲ್ಲಿ ಹೋದೆ. "ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿ, ಮೂಲ ದಾಖಲೆ ತನ್ನಿ" ಎಂದರು.

ಮೂಲ ದಾಖಲೆ ಗೋದ್ರೆಜ್ ಕಪಾಟಿನ ಅಡಿಯಲ್ಲಿ, ಪ್ಲಾಸ್ಟಿಕ್ ಕವರಿನಲ್ಲಿ ಇತ್ತು. ಮೂವತ್ತು ವರ್ಷದಿಂದ ನಾನು ಅದನ್ನು ಬಿಚ್ಚಿರಲಿಲ್ಲ. ಉಪ್ಪ ತೀರಿಕೊಂಡ ಮೇಲೆ, 1991ರಲ್ಲಿ ಮಾಡಿದ ಕಾಗದಗಳು. ಉಮ್ಮ, ಅಂದರೆ ತಾಯಿ, ಉಪ್ಪನಿಗಿಂತ ಮೊದಲೇ ಹೋಗಿದ್ದರು. ಮೊದಲನೆಯದು ನನ್ನ ಮತ್ತು ತಮ್ಮನ ಪಾಲುಪಟ್ಟಿ: ಅರವತ್ತು ಸೆಂಟ್ಸ್, ತಲಾ ಮೂವತ್ತು. ಅದರ ಕೆಳಗೆ ಇನ್ನೊಂದು, ಎರಡೇ ಹಾಳೆಯದ್ದು. ಹಕ್ಕು ಬಿಡುಗಡೆ ಪತ್ರ. "ಪ್ರೀತಿ ವಿಶ್ವಾಸಗಳಿಂದ, ಯಾವುದೇ ಪ್ರತಿಫಲ ಪಡೆಯದೆ, ನನ್ನ ಸಹೋದರರ ಪರವಾಗಿ." ಕೊನೆಯಲ್ಲಿ ತಂಗಿಯ ಸಹಿ. ಅವಳಿಗೆ ಆಗ ಇಪ್ಪತ್ತೈದು ವರ್ಷ. ಕನ್ನಡದಲ್ಲಿ ಗುಂಡಗೆ ಬರೆದ ಸಹಿ. ಕೊನೆಯ ಅಕ್ಷರದ ಮೇಲೆ ಶಾಯಿ ಹರಡಿದೆ.

ಕಾಗದ ಹಿಡಿದು ಚಾವಡಿಗೆ ಬಂದೆ. ಬೆನ್ನು ತಣ್ಣಗಾಗಿತ್ತು. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು: ಎರಡು, ಎರಡು, ಒಂದು. ಅರವತ್ತರಲ್ಲಿ ಇಪ್ಪತ್ತನಾಲ್ಕು, ಇಪ್ಪತ್ತನಾಲ್ಕು, ಹನ್ನೆರಡು. ಹನ್ನೆರಡು ಸೆಂಟ್ಸ್ ಅವಳದ್ದು. ಕುರ್‌ಆನ್ ಅವಳಿಗೆ ಕೊಟ್ಟ ಪಾಲು ಅದು. ಅದರಲ್ಲಿ ಆರು ನನ್ನ ಬಳಿ, ಆರು ತಮ್ಮನ ಬಳಿ. ಅಷ್ಟು ಕಾಲದಿಂದ ನಾನು ಆಯತ್ತಿನ ಉದ್ದೇಶದ ಬಗ್ಗೆ ಚಿಂತಿಸುತ್ತಿದ್ದೆ; ಆಯತ್ತಿನಲ್ಲಿ ಅಕ್ಷರಶಃ ಇದ್ದ ಪಾಲನ್ನೇ ನನ್ನ ತಂಗಿಗೆ ಕೊಟ್ಟಿರಲಿಲ್ಲ. ನನ್ನ ಹೆಣ್ಣುಮಕ್ಕಳ ಮೇಲೆ ಆಗಬಹುದಾದ ಅನ್ಯಾಯಕ್ಕೆ ನಿದ್ದೆಗೆಟ್ಟವನು, ನಾನೇ ಮಾಡಿದ ಅನ್ಯಾಯದ ಮೇಲೆ ಮನೆ ಕಟ್ಟಿ ಮಲಗಿದ್ದೆ.

ನಮ್ಮಲ್ಲಿ ಇದು ಬಹಳ ಮನೆಗಳ ಕಥೆ. "ಅರ್ಧ ಪಾಲು ಅಲ್ಲಾಹನ ಕಾನೂನು, ಮುಟ್ಟಬೇಡಿ" ಎನ್ನುವ ನಾವೇ ಆ ಅರ್ಧವನ್ನೂ ಬಿಡುಗಡೆ ಪತ್ರದಲ್ಲಿ ಬರೆಸಿಕೊಳ್ಳುತ್ತೇವೆ. ಅದೇ ಆಯತ್ತುಗಳಲ್ಲಿ "ವಸಿಯ್ಯತ್ ಮತ್ತು ಸಾಲ ತೀರಿಸಿದ ಮೇಲೆ" ಎಂಬ ಮಾತು ನಾಲ್ಕು ಸಲ ಬರುತ್ತದೆ. ಮೊದಲು ಸಾಲ, ಆಮೇಲೆ ಪಾಲು. ಆರು ಸೆಂಟ್ಸ್ ನನ್ನ ಸಾಲ. ಅದನ್ನು ಕಳೆದು ನೋಡಿದೆ: ಮೂವತ್ತರಲ್ಲಿ ಆರು ಹೋದರೆ ಇಪ್ಪತ್ತನಾಲ್ಕು. ಆರೂಕಾಲು, ಮೂರೂಮುಕ್ಕಾಲು ಎಂದು ಒದ್ದಾಡುತ್ತಿದ್ದ ಲೆಕ್ಕ ಪೂರ್ಣಾಂಕಕ್ಕೆ ಬಂತು. ಮೂರು, ಎಂಟು, ಎಂಟು, ಐದು. ಗಣಿತದವನಿಗೆ ಇಂಥದ್ದು ಮೈ ನವಿರೇಳಿಸುತ್ತದೆ.

ತಂಗಿಯ ಮನೆಗೆ ಹೋದೆ. ಗಂಡ ತೀರಿಕೊಂಡು ಆರು ವರ್ಷ, ಮಗನ ಜೊತೆ ಇದ್ದಾಳೆ. ಕೋರಿರೊಟ್ಟಿ ಮಾಡಿದ್ದಳು. ಊಟವಾದ ಮೇಲೆ ಕಾಗದ ಮುಂದಿಟ್ಟೆ. ಕನ್ನಡಕ ಹಾಕಿ ತನ್ನ ಸಹಿ ನೋಡಿದಳು.

"ಇದನ್ನು ಯಾಕೆ ತಂದ್ರಿ ಕಾಕ?" ನಮ್ಮಲ್ಲಿ ಅಣ್ಣನನ್ನು ಕಾಕ ಎಂದು ಕರೆಯುತ್ತಾರೆ.

"ನಿನಗೆ ಅಂದು ಬೇಡವಾಗಿತ್ತಾ? ನಿಜ ಹೇಳು."

ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಪಾಲು ತೆಗೊಂಡ ಹೆಣ್ಣಿಗೆ ತವರಿನ ಬಾಗಿಲು ಮುಚ್ಚುತ್ತದೆ ಅಂತ ಉಮ್ಮ ಯಾವಾಗ್ಲೂ ಹೇಳ್ತಿದ್ರು. ನನಗೆ ಬಾಣಂತನಕ್ಕೆ ಬರ್ಲಿಕ್ಕೆ ಇತ್ತು. ಎಲ್ಲಿಗೆ ಬರುದು?" ಎಂದಳು. ಸಹಿ ಹಾಕುವಾಗ ಅವಳಿಗೆ ಐದು ತಿಂಗಳು ಎಂಬುದು ನನಗೆ ಆಗ ನೆನಪಾಯಿತು. ಪ್ರೀತಿ ವಿಶ್ವಾಸಗಳಿಂದ ಎಂದು ಬರೆದ ಆ ಸಾಲಿನ ಅಡಿಯಲ್ಲಿ ಇದ್ದದ್ದು ಭಯ.

ಆರು ಸೆಂಟ್ಸ್ ಅವಳ ಹೆಸರಿಗೆ ಮಾಡುತ್ತೇನೆ ಎಂದಾಗ ಮೊದಲು ಬೇಡವೇ ಬೇಡ ಎಂದಳು. ಮಗನ ಎದುರು ತನ್ನದೆಂದು ಒಂದು ಜಾಗ ಇರಲಿ ಎಂದು ನನ್ನ ಹೆಂಡತಿ ಫೋನಿನಲ್ಲಿ ಹೇಳಿದ ಮೇಲೆ ಸುಮ್ಮನಾದಳು. ರಸ್ತೆ ಬದಿಯ ತೆಂಗಿನ ಜಾಗವನ್ನೇ ಕೊಟ್ಟೆ. ಸರ್ವೇಯರ್ ಬಂದು ಅಳೆದು ನಕ್ಷೆಯಾಗಿ ಕೈಸೇರಲು ತಿಂಗಳುಗಳೇ ಹಿಡಿದವು, ಅಲೆದಾಟ ಹೇಳಿ ಮುಗಿಯುವಂಥದ್ದಲ್ಲ.

ತಮ್ಮನ ಹತ್ತಿರ ಮಾತಾಡಿದ್ದು ಎಲ್ಲಕ್ಕಿಂತ ಕಷ್ಟದ್ದು. ಇಪ್ಪತ್ತೆರಡು ವರ್ಷ ಸೌದಿಯ ದಮ್ಮಾಮಿನಲ್ಲಿ ಬೆವರು ಸುರಿಸಿ ಬಂದವನು. ನನ್ನ ಮಕ್ಕಳಿಗೆ ಪ್ರತಿ ರಜೆಯಲ್ಲೂ ಏನಾದರೂ ತಂದವನು. ನಾನು ಎರಡೂ ವಿಷಯ ಒಟ್ಟಿಗೆ ಹೇಳಿದೆ: ತಂಗಿಗೆ ಆರು ಸೆಂಟ್ಸ್, ಉಳಿದದ್ದು ಹಿಬಾ.

"ನಿಮ್ಮ ಮಕ್ಕಳನ್ನು ನಾನು ಬೀದಿಗೆ ಹಾಕ್ತೇನೆ ಅಂತ ಎಣಿಸಿದ್ರಾ ಕಾಕ?" ಅವನ ಸ್ವರ ನಡುಗುತ್ತಿತ್ತು. "ನನಗೆ ಆ ಜಾಗ ಬೇಡ. ಕೇಳಿದ್ರೆ ನಾನೇ ಬಿಟ್ಟುಕೊಡ್ತಿದ್ದೆ."

"ನೀನು ಬಿಟ್ಟುಕೊಡ್ತಿದ್ದಿ. ನನಗೆ ಗೊತ್ತುಂಟು. ಆದರೆ ನನಗಿಂತ ಮೊದಲು ನೀನೂ ತಂಗಿಯೂ ಹೋದರೆ? ಆಗ ಹಕ್ಕು ನಿನ್ನ ಗಂಡುಮಕ್ಕಳಿಗೆ ಬರಬಹುದು, ಅವರ ಮನಸ್ಸು ನಾಳೆ ಹೇಗಿರ್ತದೆ ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ನನ್ನ ಮಕ್ಕಳು ನಿನ್ನ ದೊಡ್ಡ ಮನಸ್ಸಿನ ಮೇಲೆ ಬದುಕಬಾರದು. ಅವರದ್ದರ ಮೇಲೆ ಬದುಕಬೇಕು."

ಅವನು ಚಹಾ ಮುಟ್ಟದೆ ಎದ್ದು ಹೋದ. ತಂಗಿಯ ಪಾಲಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ದಾನಪತ್ರಕ್ಕೆ ಸಾಕ್ಷಿ ಹಾಕಲು ಕರೆದೆ, ಬರಲಿಲ್ಲ.

2024ರಲ್ಲಿ ದಾನಪತ್ರ ನೋಂದಣಿಯಾಯಿತು. ಹೆಂಡತಿಗೆ ಮೂರು ಸೆಂಟ್ಸ್ ಬರೆಯುತ್ತೇನೆ ಎಂದೆ, ಮಕ್ಕಳ ಹೆಸರಿಗೇ ಇರಲಿ ಎಂದಳು, ನಾನು ಬಿಡಲಿಲ್ಲ. ಅವಳಿಗೆ ಮೂರು, ಉಳಿದ ಇಪ್ಪತ್ತೊಂದು ಮನೆ ಸಮೇತ ಇಬ್ಬರು ಮಕ್ಕಳಿಗೆ ಜಂಟಿಯಾಗಿ. ತಂದೆತಾಯಿಯನ್ನು ಕೊನೆಯವರೆಗೆ ನೋಡಿಕೊಳ್ಳುತ್ತೇವೆ ಎಂಬ ವಾಕ್ಯವನ್ನು ಮಕ್ಕಳೇ ಹಟ ಹಿಡಿದು ಬರೆಸಿದರು. 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ, ಅಂಥ ಷರತ್ತು ಇದ್ದರೆ, ನೋಡಿಕೊಳ್ಳದ ಮಕ್ಕಳಿಂದ ದಾನ ವಾಪಸು ಪಡೆಯಲು ಅವಕಾಶವಿದೆ. ಹೆಬ್ಬೆಟ್ಟಿನ ಗುರುತು, ಫೋಟೋ, ಅರ್ಧ ಗಂಟೆಯೊಳಗೆ ಮುಗಿಯಿತು.

ಕಬ್ಜದ ವಿಷಯ ಮಾತ್ರ ನನ್ನ ಮನಸ್ಸಿನಲ್ಲಿ ಉಳಿದಿತ್ತು. ಕೊಡುವವನೂ ಪಡೆಯುವವರೂ ಒಂದೇ ಮನೆಯಲ್ಲಿದ್ದರೆ ಬಿಟ್ಟುಹೋಗಲೇಬೇಕೆಂದಿಲ್ಲ ಎಂದು ವಕೀಲರು ಹೇಳಿದ್ದರು. ಆದರೂ ಕೊಟ್ಟದ್ದು ಕೊಟ್ಟ ಹಾಗೆ ನನಗೇ ಅನಿಸಬೇಕಿತ್ತು. ಅಂದು ಸಂಜೆ ಮಗ್ರಿಬ್ ಆದ ಮೇಲೆ ಮುಂಬಾಗಿಲಿನ ಚಾವಿ, ಹಿಂಬಾಗಿಲಿನ ಚಾವಿ, ಕಪಾಟಿನ ಚಾವಿ, ಪಂಪ್‌ಶೆಡ್ಡಿನ ತುಕ್ಕು ಹಿಡಿದ ಚಾವಿ, ಎಲ್ಲವನ್ನೂ ಒಂದು ತಟ್ಟೆಯಲ್ಲಿಟ್ಟು ಮಕ್ಕಳ ಮುಂದೆ ಹಿಡಿದೆ. "ಕೊಟ್ಟೆ" ಎಂದೆ. ದೊಡ್ಡವಳು "ತೆಗೊಂಡೆವು ಉಪ್ಪ" ಎಂದಳು. ಸಣ್ಣವಳು ಬೆಂಗಳೂರಿನಿಂದ ಬಂದಿದ್ದಳು, ಅವಳಿಗೆ ಮಾತು ಹೊರಡಲಿಲ್ಲ. ನಾನೂ ಹೆಂಡತಿಯೂ ಒಂದೊಂದು ಜೊತೆ ಬಟ್ಟೆಯನ್ನು ಚೀಲದಲ್ಲಿ ಹಾಕಿಕೊಂಡು ಮನೆ ಬಿಟ್ಟೆವು. ಆ ರಾತ್ರಿ ತಂಗಿಯ ಮನೆಯಲ್ಲಿ ಮಲಗಿದೆವು.

ಮರುದಿನ ಬೆಳಿಗ್ಗೆ ಬಂದು ಗೇಟಿನ ಹೊರಗೆ ನಿಂತು ಸಲಾಂ ಹೇಳಿದೆ. ಅದೇ ಗೇಟು, ಬಣ್ಣ ಬಳಿದವನು ನಾನೇ. ದೊಡ್ಡವಳು ಬಂದು ಚಿಲಕ ತೆಗೆದು, "ವಅಲೈಕುಂ ಸಲಾಂ, ಬನ್ನಿ ಉಪ್ಪ, ಬನ್ನಿ ಉಮ್ಮ, ಕೂತುಕೊಳ್ಳಿ" ಎಂದಳು. ಹೊಸ ನೆಂಟರಿಗೆ ಇಡುವ ಗಾಜಿನ ಲೋಟದಲ್ಲಿ ಚಹಾ ತಂದಳು. ಹೆಂಡತಿ ಅಡುಗೆಮನೆಗೆ ಹೋಗಲು ಎದ್ದವಳು ಒಂದು ಕ್ಷಣ ನಿಂತು, "ಒಳಗೆ ಬರಬಹುದಾ?" ಎಂದು ಕೇಳಿದಳು. ಮೂವರೂ ಅತ್ತರು. ನಾನೂ ಅತ್ತೆ.

ತಮ್ಮ ಬಂದದ್ದು ಎಂಟು ತಿಂಗಳ ನಂತರ, ಬಕ್ರೀದಿನ ಸಂಜೆ. ಮಾಂಸದ ಪೊಟ್ಟಣ ಕೊಟ್ಟು, ಚಾವಡಿಯಲ್ಲಿ ಕೂತು, ಈ ಸಲ ಚಹಾ ಕುಡಿದ. ಅವನಿಗೆ ಮೂವರು ಗಂಡುಮಕ್ಕಳು, ಒಬ್ಬಳು ಮಗಳು. "ನನ್ನ ಲೆಕ್ಕ ಹೇಗಾಗ್ತದೆ? ಬರೆದು ಕೊಡಿ" ಎಂದ. ಹಳೆಯ ನೋಟ್ ಪುಸ್ತಕದ ಹಾಳೆ ಹರಿದು ಬರೆದೆ. ಹೆಂಡತಿಗೆ ಎಂಟನೇ ಒಂದು, ಉಳಿದದ್ದು ಏಳು ಭಾಗ, ಗಂಡುಮಕ್ಕಳಿಗೆ ಎರಡೆರಡು, ಮಗಳಿಗೆ ಒಂದು. ಮೂವತ್ತು ಸೆಂಟ್ಸಿಗೆ ಲೆಕ್ಕ ಹಾಕಿದೆ. ಅದರ ಕೆಳಗೆ ಇಪ್ಪತ್ತನಾಲ್ಕಕ್ಕೂ ಹಾಕಿದೆ. ಎರಡನೆಯದರಲ್ಲಿ ಎಲ್ಲ ಪೂರ್ಣಾಂಕ: ಮೂರು, ಆರು, ಆರು, ಆರು, ಮೂರು.

ಅವನು ಎರಡೂ ಸಾಲುಗಳನ್ನು ಬೆರಳಿಟ್ಟು ಓದಿದ. ಹಾಳೆ ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡ. ಚಪ್ಪಲಿ ಮೆಟ್ಟುವಾಗ ತಿರುಗಿ ಕೇಳಿದ, "ಕಾಕ, ಅವಳಿಗೆ ಕೊಡುದಾದ್ರೆ ರಸ್ತೆ ಬದಿಯದ್ದೇ ಕೊಡಬೇಕಾ? ಹಿಂದಿನ ತೋಟದ ಕಡೆಯದ್ದು ಆಗುದಿಲ್ವಾ?"

ನಾನು ಏನೂ ಹೇಳಲಿಲ್ಲ. ಅವನು ಗೇಟಿನ ಹತ್ತಿರ ನಿಂತು, ತಂಗಿ ತನ್ನ ಆರು ಸೆಂಟ್ಸಿಗೆ ಹಾಕಿಸಿದ ಹೊಸ ಬೇಲಿಯನ್ನು ಸ್ವಲ್ಪ ಹೊತ್ತು ನೋಡುತ್ತಾ ಇದ್ದ.